ಮೂರನೆಯ ಕಾಗದ

ನಾರಾಯಣಪ್ಪ ಮೇಷ್ಟ್ರ ಮನೆಯ ಹೊಸ್ತಿಲ ಪಕ್ಕ ಒಂದು ಹೂವಿನ ಮಂಕರಿ ಇತ್ತು. ಅದನ್ನು ಕಂಡ ಕೂಡಲೇ ಶ್ರೀವತ್ಸ ಕಾರು ನಿಲ್ಲಿಸದೆ ಮುಂದೆ ಹೋಗಿಬಿಟ್ಟ. ಹೊಸೂರಿನ ಪಕ್ಕ, ತಮಿಳುನಾಡಿನ ಗಡಿಯೊಳಗಿನ ಮತ್ತಿಗಿರಿಯ ಆ ಬೀದಿಯಲ್ಲಿ ಕಾರು ತಿರುಗಿಸುವಷ್ಟು ಅಗಲವಿಲ್ಲ. ಕೊನೆಯವರೆಗೂ ಹೋಗಿ, ಅಕ್ಕಿ ಅಂಗಡಿಯ ಮುಂದೆ ಹಿಂದೆ ಮುಂದೆ ಮಾಡಿ, ಅಂಗಡಿಯವನ ಕೈಲಿ ‘ಲೆಫ್ಟು ಲೆಫ್ಟು’ ಅನ್ನಿಸಿಕೊಂಡು ಹೊರಳಿಸುವಷ್ಟರಲ್ಲಿ, ಹೂವಿನ ಮಂಕರಿ ಯಾರದು ಬೇಕಾದರೂ ಇರಬಹುದು ಎಂದು ಅವನು ತನಗೆ ತಾನೇ ಮೂರು ಸಲ ಹೇಳಿಕೊಂಡಿದ್ದ. ಈ ಬೀದಿಗೆ ತಳಿ ಊರಿನ ಕಡೆಯಿಂದ ದಿನಾ ಹತ್ತು ಮಂಕರಿ ಬರುತ್ತವೆ. ಆದರೆ ಹಿಡಿಗೆ ಕೆಂಪು ಕರೆಂಟು ವೈರು ಸುತ್ತಿದ ಮಂಕರಿ ಒಂದೇ. ಆ ವೈರನ್ನು ಕೊಟ್ಟವನು ಅವನೇ. ಎಂಟು ತಿಂಗಳ ಹಿಂದೆ ಹೂ ಮಾರುವ ಮುನಿರತ್ನಮ್ಮನಿಂದ ಕೊಂಡ ಮನೆಯ ಹಳೆ ವೈರಿಂಗ್ ಕಿತ್ತು ಬೀದಿಗೆ ಹಾಕಿದ ದಿನ ಅವಳು ಅಲ್ಲೇ ನಿಂತಿದ್ದಳು. “ಬಿಸಾಕ್ತೀರಾ ಸಾಮಿ? ಒಂದು ತುಂಡು ಕೊಡಿ, ಮಂಕ್ರಿ ಹಿಡಿ ಕಿತ್ತೋಗೈತೆ,” ಅಂದಿದ್ದಳು. ಹಿಂದಿನ ದಿನದವರೆಗೂ ಅವಳ ಗೋಡೆಯೊಳಗೇ ಇದ್ದ ವೈರು. ಅವನು ಒಂದಲ್ಲ, ಒಂದು ಸುರುಳಿಯನ್ನೇ ಕೊಟ್ಟಿದ್ದ. ಕೊಟ್ಟು, ತನ್ನ ಕೈ ದೊಡ್ಡದೆಂದು ಆ ದಿನವೆಲ್ಲ ಒಂದು ಥರ ಹಗುರಾಗಿದ್ದ.

ಕಾರಿನಲ್ಲೇ ಕೂತ. ಇವತ್ತು ಮೇಷ್ಟ್ರು ಬರೆದಿಟ್ಟಿರಬೇಕಾದ ಅರವತ್ತು ಕಾಗದ ಒಯ್ಯಬೇಕಿತ್ತು, ಮುನಿರತ್ನಮ್ಮನ ಬೀದಿ ಮುಗಿದ ಮೇಲೆ ಹಿಡಿದ ಹೊಸ ಬೀದಿಗಳಿಗೆ ಮೂರನೆಯ ಸುತ್ತಿನವು. ಸಂಜೆ ಹೊಸೂರಿನ ಹೋಟೆಲೊಂದರ ಮಹಡಿಯ ಹಾಲ್‌ನಲ್ಲಿ ಮೂವತ್ತು ಜನ ದಲ್ಲಾಳಿಗಳ ಮುಂದೆ ನಿಂತು, ಹಳೆ ಮನೆ ಕೊಂಡು ಹೊಸದು ಮಾಡಿ ಮಾರುವ ಈ ಕಸುಬಿನಲ್ಲಿ ತಾನು ಕಲಿತದ್ದನ್ನು ಹೇಳಬೇಕಿತ್ತು. ಹೇಳಲು ಅವನ ಹತ್ತಿರ ಬೇಕಾದಷ್ಟಿತ್ತು. ಅಡುಗೆಮನೆಗೆ ಹಾಕಿದ ದುಡ್ಡು ವಾಪಸ್ ಬರುತ್ತದೆ, ಚಾವಣಿಗೆ ಹಾಕಿದ್ದು ಬರುವುದಿಲ್ಲ, ಯಾಕೆಂದರೆ ಸೇಲಂ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು ಮನೆ ಕೊಳ್ಳುವ ಗಂಡಹೆಂಡತಿ ಮೇಲೆ ತಲೆಯೆತ್ತಿ ನೋಡುವುದಿಲ್ಲ. ಒದ್ದೆ ಗೋಡೆಯನ್ನು ರಿಪೇರಿ ಮಾಡಿಸಬೇಡಿ, ಅದರ ಮುಂದೆ ಒಂದು ಟಿವಿ ಹಲಗೆ ನಿಲ್ಲಿಸಿ. ಮೊದಲನೆಯ ಕಾಗದದಲ್ಲಿ ಬೆಲೆ ಬರೆಯಬೇಡಿ. ಮತ್ತೆ ಎಲ್ಲಕ್ಕಿಂತ ದೊಡ್ಡದು: ಕಾಗದವನ್ನು ಅಚ್ಚು ಹಾಕಿಸಬೇಡಿ. ಅವನು ಮೊದಲು ನಾನೂರು ಹಾಕಿಸಿದ್ದ, ಬಣ್ಣದಲ್ಲಿ, ಒಂದು ಬದಿ ತಮಿಳು, ಒಂದು ಬದಿ ಇಂಗ್ಲಿಷು. ಬಂದ ಉತ್ತರ ಒಂದೇ ಒಂದು, ಅದೂ ಅವನಿಗೇ ಇನ್ಶೂರೆನ್ಸ್ ಮಾಡಿಸಲು ಬಂದವನದು. ಒಂದು ಬೆಳಿಗ್ಗೆ ಇದೇ ಬೀದಿಯ ಟೀ ಅಂಗಡಿಯಲ್ಲಿ ತನ್ನ ಬಣ್ಣದ ಕಾಗದದ ಮೇಲೆ ಬೋಂಡಾ ಇಟ್ಟುಕೊಂಡು ತಿನ್ನುತ್ತಿದ್ದ ಮುದುಕನೊಬ್ಬನನ್ನು ಕಂಡು, ಯಾಕೆ ತಾತ ಓದಲಿಲ್ವಾ ಎಂದು ಕೇಳಿದ. “ನಮ್ಗೆಲ್ಲಪ್ಪ ತಮಿಳು ಓದಕ್ಕೆ ಬತ್ತದೆ? ಆಡಕ್ಕೆ ಬತ್ತದೆ ಅಷ್ಟೇ. ಕರೆಂಟ್ ಬಿಲ್ಲು ಬಂದ್ರೂ ಮೊಮ್ಮಗನ್ನ ಕೂಗ್ಬೇಕು,” ಅಂದ ಅವನು. ಆ ಮಾತು ಶ್ರೀವತ್ಸನೊಳಗೆ ಇಪ್ಪತ್ತು ವರ್ಷದ ಹಿಂದಾಗಿದ್ದರೆ ಬೆಂಕಿ ಹಚ್ಚುತ್ತಿತ್ತು. ಆಗ ಸ್ಕೂಲಿನ ಜಗಲಿಯಲ್ಲಿ ಭಾನುವಾರ ಭಾನುವಾರ ಓದು ಬಳಗ ಸೇರುತ್ತಿತ್ತು. ‘ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಜನ’ ಎಂದು ಅವನೇ ಒಂದು ಲೇಖನ ಬರೆದು, ಗಂಟಲು ನಡುಗಿಸಿಕೊಂಡು ಓದಿದ್ದ. ಕೇಳಿದ ಹದಿನಾಲ್ಕು ಜನರಲ್ಲಿ ನಾರಾಯಣಪ್ಪ ಮೇಷ್ಟ್ರು ಕೊನೆಗೆ ಎದ್ದು ಬಾಗಿಲಿಗೆ ಬೀಗ ಹಾಕುತ್ತಾ, “ಚೆನ್ನಾಗಿದೆ ಕಣೋ. ಆದ್ರೆ ನಿಂಗೆ ಸಿಟ್ಟು ಬಂದಿರೋದಕ್ಕಿಂತ ಸಿಟ್ಟು ಬಂದಂಗೆ ಕಾಣೋದು ಜಾಸ್ತಿ ಇಷ್ಟ,” ಅಂದಿದ್ದರು. ಟೀ ಅಂಗಡಿಯಲ್ಲಿ ಅವನಿಗೆ ಸಿಟ್ಟು ಬರಲಿಲ್ಲ. ಉಪಾಯ ಹೊಳೆಯಿತು. ಕನ್ನಡದಲ್ಲಿ, ಕೈಯಲ್ಲಿ, ಶಾಯಿ ಪೆನ್ನಿನಲ್ಲಿ ಬರೆಸಬೇಕು. ಬರೆಯುವವರು ಯಾರೆಂದು ಯೋಚಿಸಬೇಕಾಗಿರಲಿಲ್ಲ.

ಮೇಷ್ಟ್ರು ಮೊದಲ ದಿನ ನಕ್ಕಿದ್ದರು. ಎಪ್ಪತ್ತನಾಲ್ಕರ ವಯಸ್ಸು, ಎರಡೂ ಮಂಡಿ ನೋವು, ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವ ಮಗಳು ಶಶಿಯ ಜೊತೆ ಬಾಡಿಗೆ ಮನೆ. ಈ ಊರಲ್ಲಿ ಅವರು ಬಾಡಿಗೆಗಿರದ ಬೀದಿಯೇ ಇರಲಿಲ್ಲ. “ಕಾಗದ ಬರೆಯೋ ಕಾಲ ಮುಗೀತು ಅಂದ್ಕೊಂಡಿದ್ದೆ,” ಎಂದು ಅವನು ತಂದ ಪೆನ್ನನ್ನು ತೊಳೆದು ಶಾಯಿ ತುಂಬಿದರು. ಒಕ್ಕಣೆಯನ್ನೂ ಅವರೇ ತಿದ್ದಿದರು. ‘ನಗದು ಕೊಟ್ಟು ಖರೀದಿಸಲಾಗುವುದು’ ಎಂದು ಅವನು ಬರೆದುಕೊಂಡು ಹೋದದ್ದನ್ನು ಹೊಡೆದು, ‘ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಕೊಡುವ ಮನಸ್ಸು ತಮಗಿದ್ದರೆ ಕೊಳ್ಳುವ ಆಸೆ ನನಗಿದೆ. ಇಲ್ಲದಿದ್ದರೆ ಬೇಸರವಿಲ್ಲ’ ಎಂದು ಮಾಡಿದರು. ಕೆಳಗೆ ಅವನ ಹೆಸರು, ಫೋನ್ ನಂಬರು. ಒಂದೇ ಒಂದು ಸಲ ತಲೆಯೆತ್ತಿ, “ನ್ಯಾಯವಾದ ಬೆಲೆ ಕೊಡ್ತೀಯಲ್ವಾ?” ಎಂದು ಕೇಳಿದರು. ಕೊಡ್ತೀನಿ ಸಾರ್, ಅಂದ. ಮೊದಲ ನೂರಕ್ಕೆ ಹನ್ನೊಂದು ಜನ ಫೋನ್ ಮಾಡಿದರು. ಒಕ್ಕಣೆಯ ಮಹಿಮೆ ಅಂದುಕೊಂಡ. ಮತ್ತಿಗಿರಿಯಲ್ಲಿ ಐವತ್ತು ದಾಟಿದವರೆಲ್ಲ ಆ ಅಕ್ಷರವನ್ನು ಚಿಕ್ಕಂದಿನಲ್ಲಿ ಕರಿಹಲಗೆಯ ಮೇಲೆ ನೋಡಿದ್ದರು, ಆ ಅಕ್ಷರದ ಮೇಲೇ ಬಳಪ ಓಡಿಸಿ ಬರೆಯಲು ಕಲಿತಿದ್ದರು ಎನ್ನುವುದು ಅವನಿಗೆ ಹೊಳೆದದ್ದು ಮುನಿರತ್ನಮ್ಮನ ನಡುಮನೆಯಲ್ಲಿ ಕೂತಾಗ.

ಆ ನಡುಮನೆ ಈಗಿಲ್ಲ. ಅಲ್ಲಿ ಬಿಳಿ ಟೈಲ್ಸು, ಟಿವಿ ಹಲಗೆ. ಆದರೆ ಅವನ ತಲೆಯೊಳಗೆ ಅವಳು ಇನ್ನೂ ಕನಕಾಂಬರ ಕಟ್ಟುತ್ತಾ, ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದಾಳೆ. “ಮೂರು ಸಲ ಬರೆದವ್ರೆ ಸಾಮಿ. ಮೊದಲ್ನೇದಕ್ಕೆ ಸುಮ್ಕಿದ್ದೆ. ಎರಡ್ನೇದಕ್ಕೂ ಸುಮ್ಕಿದ್ದೆ. ಮೂರ್ನೇದೂ ಬಂದ್ಮೇಲೆ ನಂಗೇ ನಾಚ್ಕೆ ಆಯ್ತು. ಅಂಥೋರು ಮೂರು ಸಲ ಬಾಯ್ಬಿಟ್ಟು ಕೇಳೋ ಹಂಗೆ ಮಾಡುದ್ನಲ್ಲ ಅಂತ.” ಯಾರು ಎಂದು ಅವನಿಗೆ ತಿಳಿಯಲಿಲ್ಲ. “ಮೊದಲ್ನೇ ವರ್ಸ ಮೇಷ್ಟ್ರು ಸ್ಕೂಲಿಗೆ ಬಂದಾಗ ನಾನು ಮೂರ್ನೇ ಕ್ಲಾಸು. ಅವ್ರ ಅಕ್ಷರ ನಂಗೆ ಗೊತ್ತಾಗಲ್ವಾ? ಬದುಕೆಲ್ಲ ಬಾಡ್ಗೆ ಮನೇಲೇ ಕಳದ್ರು. ಈಗ ಆಸೆ ಆಗೈತೆ, ಬಾಯ್ಬಿಟ್ಟು ಹೇಳಕ್ಕಾಗ್ದೆ ಕಾಗ್ದ ಬರ್ದು ನಿಮ್ಮ ಕೈಲಿ ಓಡಾಡುಸ್ತವ್ರೆ. ನಂಗೇನು, ತಳೀನಾಗೆ ಮಗಳ ಮನೆ ಐತೆ, ಹೂವೂ ಅಲ್ಲೇ ಐತೆ. ಅವ್ರಿಗೆ ಅಂದ್ರೆ ನಾನು ಊರ್ನೋರ ರೇಟು ಹೇಳೋದಾ?” ಎಂದು ಅವಳೇ ಒಂದು ಬೆಲೆ ಹೇಳಿದಳು. ಅವನು ಕೊಡಲು ಸಿದ್ಧನಾಗಿ ಬಂದಿದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆಗ ಅವನ ಕೈಯಲ್ಲಿ ಅವಳು ಕೊಟ್ಟ ನೀರಿನ ಲೋಟ ಇತ್ತು. ಅಮ್ಮ, ಕೊಳ್ಳುವವನು ನಾನು ಎನ್ನಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಾಕಾಗಿತ್ತು. ಅವನು ನೀರು ಕುಡಿದ. ಪೂರ್ತಿ ಕುಡಿದ. ರಿಜಿಸ್ಟ್ರೇಷನ್ ದಿನ ಪತ್ರ ತಮಿಳಿನಲ್ಲಿತ್ತು. ಅವಳು ಎಲ್ಲಿ ರುಜು ಅಂತ ಕೇಳಿ ಕನ್ನಡದಲ್ಲಿ ದುಂಡಗೆ ಹೆಸರು ಬರೆದು, ಸುತ್ತ ನೋಡಿ, “ಮೇಷ್ಟ್ರು ಬರ್ಲಿಲ್ವಾ?” ಅಂದಳು. “ಅವರಿಗೆ ಮಂಡಿ ನೋವು,” ಅಂದ. ಮಂಡಿ ನೋವು ನಿಜ. ಈ ಎಂಟು ತಿಂಗಳಲ್ಲಿ ಎಷ್ಟು ಸಲ ಆ ಮಾತನ್ನು ಹೊರಗೆ ತೆಗೆದು ತಿರುಗಿಸಿ ತಿರುಗಿಸಿ ನೋಡಿದರೂ ಅದರಲ್ಲಿ ಒಂದು ಸುಳ್ಳೂ ಅವನಿಗೆ ಸಿಕ್ಕಿರಲಿಲ್ಲ.

ಕಾರಿನಿಂದ ಇಳಿದ. ಚಪ್ಪಲಿ ಬಿಡುವಾಗ ಮಂಕರಿಗೆ ಕಾಲು ತಾಗಿತು. ಖಾಲಿ.

ಒಳಗೆ ಮೇಷ್ಟ್ರು ಕುರ್ಚಿಯಲ್ಲಿ, ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಮುನಿರತ್ನಮ್ಮ ನೆಲದ ಮೇಲಿದ್ದವಳು ಅವನನ್ನು ಕಂಡು ಎದ್ದಳು. ಅಯ್ನೋರ ಮನೆಯ ಮಗ ಒಳಗೆ ಬಂದರೆ ಅವಳ ಮೊಣಕಾಲು ಅವಳನ್ನು ಕೇಳದೆ ಎದ್ದು ನಿಲ್ಲುತ್ತದೆ. ಅದು ಅವನಿಗೆ ಹೇಸಿಗೆ. ಆದರೆ ಅವಳು ಏಳದೇ ಇದ್ದಿದ್ದರೆ ಅದೂ ಅವನ ಗಮನಕ್ಕೆ ಬರುತ್ತಿತ್ತು. ಶಶಿ ರಾತ್ರಿ ಶಿಫ್ಟು ಮುಗಿಸಿ ಬಂದವಳು ಫ್ಯಾಕ್ಟರಿಯ ಬೂದು ಕೋಟನ್ನು ಇನ್ನೂ ತೆಗೆದಿರಲಿಲ್ಲ.

“ಬನ್ನಿ, ಬನ್ನಿ,” ಅಂದಳು ಶಶಿ. “ನಮ್ಮಪ್ಪ ಮನೆ ತಗೊಂಡು ಮಾರಿದ್ರಂತೆ, ಗೊತ್ತಾ ನಿಮ್ಗೆ? ನಮ್ಗೇ ಇವತ್ತು ಗೊತ್ತಾಯ್ತು. ಬಾಡ್ಗೆ ಕೊಡೋಕೆ ನಾನು ನೈಟ್ ಶಿಫ್ಟ್ ಮಾಡ್ತಾ ಇದ್ದೀನಿ, ಇವ್ರು ನೋಡಿದ್ರೆ ಮನೆ ಮಾರ್ಕೊಂಡು ಕೂತವ್ರೆ!”

“ಸುಮ್ನಿರಮ್ಮ,” ಅಂದರು ಮೇಷ್ಟ್ರು.

“ನಾನು ಜಗಳಕ್ಕೆ ಬಂದಿಲ್ಲ ಸಾಮಿ,” ಎಂದಳು ಮುನಿರತ್ನಮ್ಮ. ಅವನಿಗೆ ಹೇಳುತ್ತಿದ್ದರೂ ನೋಡುತ್ತಿದ್ದದ್ದು ಮೇಷ್ಟ್ರನ್ನು. “ನನ್ನ ಹಳೇ ಮನೆಗೆ ಬಣ್ಣ ಬಳ್ದು ತೋರಣ ಕಟ್ಟವ್ರೆ ಅಂತ ಬಸ್ನಾಗೆ ಯಾರೋ ಅಂದ್ರು. ಮೇಷ್ಟ್ರು ಒಕ್ಕಲಾಗ್ತಾವ್ರೆ, ನಂಗೆ ಹೇಳಿ ಕಳ್ಸೋದು ಮರ್ತವ್ರೆ ಅಂದ್ಕೊಂಡು, ಹತ್ತು ಮೊಳ ಕನಕಾಂಬ್ರ ಕಟ್ಕೊಂಡು ಓಡ್ಬಂದೆ. ಬಾಗ್ಲಾಗೆ ಯಾರೋ ಎಮ್ಮ, ‘ಪೂ ಎವ್ಳೋ’ ಅಂತವ್ಳೆ. ನನ್ನ ಬಾಗ್ಲಾಗೆ ನಿಂತ್ಕೊಂಡು ನನ್ನೇ ಹೂವು ಎಷ್ಟು ಅಂತ ಕೇಳ್ತವ್ಳೆ. ನಾನೂ ಮೊಳಕ್ಕೆ ಇಷ್ಟು ಅಂತ ಹೇಳ್ಬುಟ್ಟೆ ಸಾ. ಬಾಯಿಗೆ ಅದೇ ಬಂತು. ಹತ್ತೂ ಮೊಳ ಮಾರ್ಬುಟ್ಟು, ಚಿಲ್ರೆ ತಗೊಂಡು ಬಸ್ ಹತ್ತುಬುಟ್ಟೆ. ನಿಮಗೆ ಅಂತ ಕಟ್ಟಿದ್ದು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಆರು ದಿನ ತಡ್ಕೊಂಡೆ. ಇವತ್ತು ಮನ್ಸು ತಡೀಲಿಲ್ಲ. ಯಾಕ್ ಸಾ ಮಾರುದ್ರಿ? ಒಂದಿನಾನೂ ಇರ್ನಿಲ್ಲ. ಸೋರ್ತದೆ ಅಂತ ಮೊದ್ಲೇ ಹೇಳಿದ್ದೆ ಸಾಮಿಗೆ.”

ಮೇಷ್ಟ್ರು ಅವನ ಕಡೆ ತಿರುಗಿದರು. “ಶ್ರೀವತ್ಸ,” ಅಂದರು. ಹಾಜರಿ ಕೂಗಿದ ಹಾಗೆ. ಕ್ಲಾಸಿನಲ್ಲಿ ಅವರು ಯಾರನ್ನೂ ಹೊಡೆದವರಲ್ಲ. ಪ್ರಶ್ನೆ ಕೇಳಿ, ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸುತ್ತಾ ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಆ ಕಾಯುವಿಕೆಗಿಂತ ಎರಡು ಏಟು ವಾಸಿ ಅನ್ನಿಸುತ್ತಿತ್ತು. ಈಗ ಅವರ ಬೆರಳುಗಳ ನಡುವೆ ಏನೂ ಇರಲಿಲ್ಲ, ಆದರೂ ಅವು ಉರುಳುತ್ತಿದ್ದವು. ಅಥವಾ ಅದು ನಡುಕ. ಎರಡನೆಯ ಸುತ್ತಿನ ಕೊನೆಯ ಕಾಗದಗಳಲ್ಲಿ ಒತ್ತುಗಳು ಅಲ್ಲಲ್ಲಿ ಅದುರಿದ್ದನ್ನು ಅವನು ಗಮನಿಸಿದ್ದ. ಬರೆಯಲು ಬೇರೆ ಯಾರನ್ನಾದರೂ ನೋಡಿಟ್ಟುಕೊಳ್ಳಬೇಕು ಎಂದೂ ಅನ್ನಿಸಿತ್ತು. ಇಂಥ ಹೊತ್ತಿನಲ್ಲಿ ಅದು ನೆನಪಾಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸ್ವಲ್ಪ ಸಮಾಧಾನವೂ ಆಯಿತು. ಹೇಳಬೇಕಾದದ್ದು ಎರಡೇ ಮಾತು. ಅವನು ಬಾಯಿ ತೆರೆದ.

“ಕಾಗದದ ಕೆಳಗೆ ನನ್ನ ಹೆಸರೇ ಇತ್ತಲ್ಲಮ್ಮ,” ಅಂದ.

ಅದೂ ನಿಜ.

ಮುನಿರತ್ನಮ್ಮ ಎಲೆಅಡಿಕೆ ಚೀಲದಿಂದ ಎಂಟು ಮಡಿಕೆಯಾಗಿದ್ದ ಕಾಗದವನ್ನು ತೆಗೆದು ಬಿಡಿಸಿದಳು. ಮಡಿಕೆಗಳಲ್ಲಿ ಸುಣ್ಣ ಕೂತಿತ್ತು. “ಹೆಸ್ರು ಯಾರ್ದಾದ್ರೂ ಇರ್ಲಿ ಸಾಮಿ. ತರೋರ ಹೆಸ್ರು ಕೆಳಗೆ ಇರ್ತದೆ. ಅಕ್ಷರ ಇವ್ರದಲ್ವಾ? ಇವ್ರು ಬರ್ದಿದ್ದು ಅಂತಾನೇ ಅಲ್ವಾ ನಾನು ಕೊಟ್ಟಿದ್ದು?” ಈಗ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ. ಅಷ್ಟು ಓದಿದವನಿಗೆ ಇಷ್ಟು ಸಣ್ಣ ವಿಷಯ ತಿಳಿಯಲಿಲ್ಲವಲ್ಲ ಎಂಬ ಆಶ್ಚರ್ಯವಿತ್ತು.

ಮೇಷ್ಟ್ರು ಕಾಗದವನ್ನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಮೊದಲಿನಿಂದ ಕೊನೆಯವರೆಗೂ ಓದಿದರು. ‘ಆಸೆ ನನಗಿದೆ’ ಎಂಬಲ್ಲಿ ಅವರ ಹೆಬ್ಬೆರಳು ನಿಂತಿತು. ಇನ್ನೊಂದು ಸಲ ಶ್ರೀವತ್ಸನ ಕಡೆ ನೋಡಿದರು. ಅವನು ಗೋಡೆಯ ಕಡೆ ನೋಡುತ್ತಿದ್ದ. ಅದು ಒದ್ದೆ ಗೋಡೆ, ಕೆಳಗಿಂದ ಮೂರಡಿ ಉಪ್ಪು ಎದ್ದಿತ್ತು. ಅವನಿಗೆ ಗೊತ್ತಿಲ್ಲದೆಯೇ ಅವನ ಕಣ್ಣು ಅದರ ಅಗಲ ಅಳೆಯುತ್ತಿತ್ತು.

“ಹೌದಮ್ಮ ಮುನಿರತ್ನ,” ಅಂದರು ಮೇಷ್ಟ್ರು. “ನಾನೇ ಬರೆದಿದ್ದು. ನಾನೇ ಕೇಳಿದ್ದು. ನಿಂಗೆ ಹೇಳ್ದೆ ಮಾರಿದ್ದು ತಪ್ಪಾಯ್ತು.”

“ಅಪ್ಪಾ!” ಅಂದಳು ಶಶಿ. ಅವರು ಕೈಯೆತ್ತಿದರು.

“ಅಯ್ಯೋ ಬುಡಿ ಸಾ, ತಪ್ಪೇನು,” ಎಂದು ಮುನಿರತ್ನಮ್ಮ ಗಾಬರಿಯಾದಳು. ಮೇಷ್ಟ್ರ ಬಾಯಿಂದ ಆ ಮಾತು ಬರಿಸಿದ್ದಕ್ಕೆ ಅವಳಿಗೇ ಅಳು ಬಂದಂತಿತ್ತು. “ನಿಮಗೇನು ಕಷ್ಟ ಬಂದಿತ್ತೋ. ಕಾಸು ಬೇಕಾಗಿತ್ತೇನೋ. ನಂಗೆ ಬುದ್ಧಿ ಇಲ್ಲ, ಕೇಳಕ್ಕೆ ಬಂದೆ. ನಿಮ್ ಕಷ್ಟಕ್ಕೆ ಆಯ್ತಲ್ಲ, ಅಷ್ಟು ಸಾಕು.” ಕಾಗದವನ್ನು ವಾಪಸ್ ಕೇಳಲಿಲ್ಲ. ಹೊಸ್ತಿಲಲ್ಲಿ ಮಂಕರಿಯನ್ನು ಸೊಂಟಕ್ಕೆ ಇಟ್ಟುಕೊಂಡು ಶ್ರೀವತ್ಸನಿಗೆ ಹೇಳಿದಳು: “ನೀವು ಪುಣ್ಯವಂತ್ರು ಸಾಮಿ. ಮೇಷ್ಟ್ರಿಗೆ ಓಡಾಡ್ಕೊಂಡು ಮಾಡ್ಕೊಟ್ರಿ. ಹಿಂಗೇ ನೋಡ್ಕೊಳ್ಳಿ. ಬತ್ತೀನಿ.”

ಅವಳ ಕ್ಷಮೆ ಅವನ ಮೈಗೆ ತಾಗದೆ ಪಕ್ಕದಲ್ಲೇ ಹಾದುಹೋಗಿ ಮೇಷ್ಟ್ರ ಮೇಲೆ ಬಿದ್ದಿತ್ತು. ಅಲ್ಲಿ ಅವರು ಅದನ್ನು ಹೊರಲಾರದೆ ಕೂತಿದ್ದರು. ಅವನು ಅವರ ಕಾಲ ಹತ್ತಿರ ಕೂರಬೇಕೆಂದುಕೊಂಡ. ಕೂತರೆ ಶಶಿ ನಗಬಹುದು ಅನ್ನಿಸಿತು. “ಸಾರ್, ನೀವು ಯಾಕೆ...” ಎಂದು ಶುರು ಮಾಡಿದ.

“ನಿನ್ನ ಉಳಿಸೋಕೆ ಹೇಳಿದೆ ಅಂದ್ಕೋಬೇಡ,” ಅಂದರು. ಧ್ವನಿ ಏರಲಿಲ್ಲ. “ನೀನು ಹೇಳ್ತೀಯೇನೋ ಅಂತ ಕಾದೆ. ನೀನು ಹೇಳ್ಲಿಲ್ಲ. ಆದ್ರೆ ನಾನು ಹೇಳಿದ್ದು ಸುಳ್ಳಲ್ಲ ಕಣೋ. ಕೈ ನಂದು. ಆರುನೂರು ಮನೆಗೆ ಬರೆದೆ. ಯಾರ ಮನೆ, ಯಾಕೆ ಬೇಕು ಅಂತ ಕೇಳ್ಲಿಲ್ಲ. ಒಂದ್ಸಲ ಕೇಳ್ದೆ, ನೀನು ಹೂಂ ಅಂದೆ, ನಂಗೂ ಅಷ್ಟೇ ಬೇಕಾಗಿತ್ತು. ಯಾರೋ ನನ್ನ ಕೈಲಿ ಮತ್ತೆ ಕನ್ನಡ ಬರೆಸ್ತಾವ್ರಲ್ಲ ಅನ್ನೋ ಖುಷೀಲಿದ್ದೆ.”

ಶಶಿ ಕಪಾಟಿನಿಂದ ಕಾಗದದ ಕಟ್ಟು, ಲಕೋಟೆಗಳು, ಅವನು ಅಚ್ಚು ಹಾಕಿಸಿ ತಂದುಕೊಟ್ಟಿದ್ದ ವಿಳಾಸದ ಪಟ್ಟಿ, ಎಲ್ಲ ತಂದು ಅವನ ಕೈಗೆ ತುರುಕಿದಳು. ಒಂದು ಹಾಳೆಯ ಮೇಲೂ ಶಾಯಿ ತಾಗಿರಲಿಲ್ಲ. ಮುನಿರತ್ನಮ್ಮ ಇವತ್ತು ಬರುವ ಮೊದಲೇ ಅವರು ಬರೆಯುವುದು ಬಿಟ್ಟಿದ್ದರು ಎಂದಾಯಿತು. ಯಾವಾಗಿನಿಂದ, ಯಾಕೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. “ಪೆನ್ನೂ ನಿಮ್ದೇ,” ಅಂದಳು ಶಶಿ. “ಇಂಕು ಮಾತ್ರ ನಮ್ದು. ಅದನ್ನೂ ಎಳ್ಕೊಂಡ್ಬಿಡಿ.”

ಕಾರಿನಲ್ಲಿ ಅವನಿಗೆ ಮೊದಲು ಬಂದದ್ದು ಸಿಟ್ಟು. ಮೂರನೆಯ ಕಾಗದ ಹೋಗದಿದ್ದರೆ ಮೊದಲೆರಡು ಕಾಗದ ಹೋದದ್ದೂ ದಂಡ. ಆಮೇಲೆ, ತಳಿ ಬಸ್ಸಿನ ನಿಲ್ದಾಣದಲ್ಲಿ ಖಾಲಿ ಮಂಕರಿ ಹಿಡಿದು ನಿಂತವಳನ್ನು ಕಂಡು ಕಾರಿನ ವೇಗ ತಗ್ಗಿಸಿದ. ಇಳಿದು ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಏನು ಮಾಡುತ್ತಾಳೆ? ಅಳುವುದಿಲ್ಲ, ಶಾಪ ಹಾಕುವುದಿಲ್ಲ. ಮೇಷ್ಟ್ರು ಮಾಡದ ತಪ್ಪಿಗೆ ಅವರ ಬಾಯಲ್ಲಿ ತಪ್ಪಾಯ್ತು ಅನ್ನಿಸಿದೆನಲ್ಲ ಎಂದು ಅವಳು ಇನ್ನೊಂದು ಸಲ ನವೆಯುತ್ತಾಳೆ. ಹಾಗಾಗಿ ಹೇಳದಿರುವುದೇ ಅವಳಿಗೆ ಒಳ್ಳೆಯದು ಎಂದು ಅವನಿಗೆ ಹೊಳೆಯಿತು. ಇಷ್ಟು ವರ್ಷ ಓದಿದ್ದರ ಫಲ ಇದು: ಯಾವ ಹೇಡಿತನಕ್ಕೂ ಅವನಿಗೆ ಒಂದು ಕರುಣೆಯ ಕಾರಣ ಸಿಗುತ್ತದೆ. ಅವಳು ಅವನ ಕಾರನ್ನು ಗುರುತಿಸಿ ಕೈಯೆತ್ತಿ ನಮಸ್ಕಾರ ಮಾಡಿದಳು. ಅವನು ಗಾಜು ಇಳಿಸದೆ ತಲೆಯಾಡಿಸಿ ಮುಂದೆ ಹೋದ.

ಸಂಜೆ ಹೋಟೆಲಿನ ಹಾಲ್ ತುಂಬಿತ್ತು. ಮೂವತ್ತು ಅಂದಿದ್ದಲ್ಲಿ ಐವತ್ತು ಜನ ಬಂದಿದ್ದರು. ಅರ್ಧ ತಮಿಳು, ಕಾಲು ತೆಲುಗು, ಉಳಿದದ್ದು ಕನ್ನಡ. ಎಲ್ಲರೂ ಎಲ್ಲದರಲ್ಲೂ ನಗುತ್ತಿದ್ದರು. ಸೋಲಿನಿಂದ ಶುರು ಮಾಡಬೇಕೆಂದು ಅವನು ಪುಸ್ತಕದಲ್ಲಿ ಬರೆದುಕೊಂಡಿದ್ದ, ಸೋತ ಕತೆ ಹೇಳಿದರೆ ಜನ ನಂಬುತ್ತಾರೆ. ಬಣ್ಣದ ಕಾಗದದ ಮೇಲಿನ ಬೋಂಡಾ ಹೇಳಿದ. ನಕ್ಕರು. ಟಿವಿ ಹಲಗೆ ಹೇಳಿದ. ಬರೆದುಕೊಂಡರು. ಒಂದು ಕ್ಷಣ, ಮುಂದಿನ ಸಾಲಿನ ಮುಖಗಳನ್ನು ನೋಡುತ್ತಾ, ಈಗ ಆ ನೀರಿನ ಲೋಟದ ಕತೆ ಹೇಳಿಬಿಟ್ಟರೆ ಎಂದುಕೊಂಡ. ಹೇಳಿದ್ದರೆ ಅದನ್ನೂ ಬರೆದುಕೊಳ್ಳುತ್ತಿದ್ದರು, ಒಂದು ಉಪಾಯ ಎಂದು. ಆಗ ಹಿಂದಿನಿಂದ ಯಾರೋ, “ಸಾರ್, ಆ ಕೈಬರಹ ಹೆಂಗಿರ್ಬೇಕು, ಸ್ವಲ್ಪ ತೋರ್ಸಿ,” ಎಂದು ಕೂಗಿದರು.

ಬಿಳಿ ಹಲಗೆಯ ಕಡೆ ತಿರುಗಿ ಮಾರ್ಕರ್ ಹಿಡಿದ. ಕನ್ನಡದಲ್ಲಿ ಒಂದು ಇಡೀ ಸಾಲು ಕೈಯಿಂದ ಬರೆದು ಎಷ್ಟು ವರ್ಷವಾಗಿತ್ತೋ. ‘ತಾವು ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆದು ಒಂದು ಹೆಜ್ಜೆ ಹಿಂದೆ ಸರಿದ. ಹಲಗೆಯ ಮೇಲೆ ಮೇಷ್ಟ್ರ ಅಕ್ಷರವಿತ್ತು. ಅದೇ ದುಂಡು, ಕ್ಷದಿಂದ ಕೆಳಗೆ ಇಳಿದು ಎಡಕ್ಕೆ ಕೊಂಚ ತಿರುಗುವ ಅದೇ ಬಾಲ, ತಲೆಕಟ್ಟು ಮುಗಿಯುವಲ್ಲಿ ಅದೇ ಸಣ್ಣ ಒತ್ತು. ಅವನ ಮುಂಗೈಯ ಮೇಲೆ ಒಂದು ಕೈ ಬಂದು ಕೂತಂತಾಯಿತು. ಐದು ವರ್ಷದ ಹುಡುಗನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ, ಬೆವರಿನ, ಸೀಮೆಸುಣ್ಣದ ವಾಸನೆಯ ಕೈ. ಅಷ್ಟು ವರ್ಷ ಅದು ಬಿಟ್ಟೇ ಇರಲಿಲ್ಲ. ಇದನ್ನು ಅಳಿಸಿಬಿಡಬೇಕು ಅನ್ನಿಸಿ ಬಟ್ಟೆ ಹುಡುಕಿದ.

“ಸಾರ್, ಇದು ನಮ್ಮಪ್ಪನ ಅಕ್ಷರ ಇದ್ದಂಗೇ ಅದೆ!” ಎಂದು ಮೂರನೆಯ ಸಾಲಿನಿಂದ ಒಬ್ಬ ಎದ್ದು ನಿಂತ. ಮುನೀಶ್ ಅಂತ, ಈ ಕಸುಬಿಗೆ ಹೊಸಬ, ಬಾಗಿಲಲ್ಲಿ ಪರಿಚಯ ಮಾಡಿಕೊಂಡಿದ್ದ. “ಅಪ್ಪಟ ಅದೇ.”

ಬಟ್ಟೆ ಶ್ರೀವತ್ಸನ ಕೈಯಲ್ಲಿತ್ತು. “ನಿಮ್ಮಪ್ಪ ಎಲ್ಲಿ ಓದಿದ್ದು?”

“ಮತ್ತಿಗಿರಿ ಸ್ಕೂಲು ಸಾರ್. ನಾರಾಯಣಪ್ಪ ಮೇಷ್ಟ್ರ ಕೈಲಿ. ಈಗ್ಲೂ ಅವ್ರ ಹೆಸ್ರು ಹೇಳಿದ್ರೆ ಎದ್ದು ನಿಂತ್ಕೋತಾರೆ.” ಸುತ್ತಲಿನವರು ನಕ್ಕರು. “ಫ್ಯಾಕ್ಟ್ರೀಲಿ ತೆಗ್ದಾಕ್ದಾಗಿಂದ ಸುಮ್ನೆ ಮನೇಲವ್ರೆ ಸಾರ್. ಏನೂ ಕೆಲ್ಸ ಇಲ್ಲ.”

ಶ್ರೀವತ್ಸ ಹಲಗೆಯ ಮೇಲಿನ ಸಾಲನ್ನು ಒಮ್ಮೆ ನೋಡಿದ. ಬಟ್ಟೆಯನ್ನು ಮೇಜಿನ ಮೇಲಿಟ್ಟ.

“ನಿಮ್ಮಪ್ಪನ ಕೈ ನಡುಗಲ್ಲ ತಾನೇ?” ಎಂದು ಕೇಳಿದ.